ಮೂರನೆಯ ಶತ್ರು

ಜೊಮ್‌ಗೋಲ್
೧೯೫೮ ಫೆಬ್ರವರಿ ೨

ಮಗಳು ಕೊಲಂಬಾಳಿಗೆ ಅಪ್ಪ ಮಣ್ಣುಗೈಯಲ್ಲೇ ಬರೆಯುವುದು.

ಎಷ್ಟು ತೊಳೆದರೂ ಉಗುರಿನ ಸಂದಿಯ ಮಣ್ಣು ಹೋಗಿಲ್ಲ. ಕಾಗದದ ಮೇಲಿನ ಕಲೆ ಕಂಡು ಕನ್ಯಾಮಠದ ತಾಯಂದಿರು ಮೂಗು ಮುರಿದರೆ, ನಮ್ಮಪ್ಪ ಕುಂಬಾರ ಎಂದುಬಿಡು. ನಮ್ಮ ಮುತ್ತಾತಂದಿರು ಕ್ರೈಸ್ತ ನಂಬಿಕೆ ಬಿಡಲಾರದೆ, ರಾಜನ ಕಡೆಯವರ ಕತ್ತಿಗೆ ಸಿಗಲಾರದೆ ಈ ಬೆಟ್ಟ ಹತ್ತಿ ಮಡಕೆ ಸುಟ್ಟು ಬದುಕಿದವರು. ಈ ಕಲೆಗೆ ನಾಚಿಕೆ ಯಾಕೆ?

ಇಲ್ಲಿ ಹಿಮ ಇನ್ನೂ ಕರಗಿಲ್ಲ. ಅಮ್ಮ ಚೆನ್ನಾಗಿದ್ದಾಳೆ, ಅಂದರೆ ನನ್ನನ್ನು ಬೈಯುತ್ತಿದ್ದಾಳೆ. ಕೆಳಗಿನ ಕೇರಿಯ ನೂಸಿಯಾ ಅಜ್ಜಿಯೂ ಗಟ್ಟಿಯಾಗಿದ್ದಾಳೆ. ದಿನಾ ಅಂಗಳಕ್ಕೆ ಬಂದು ನನಗೆ ಜಾಡಿ ಕಟ್ಟಲು ಮಣ್ಣಿನ ಹುರಿ ಹೊಸೆದು ಕೊಡುತ್ತಾಳೆ. ಮೊನ್ನೆ, ಪಾಸ್ಕ ಹಬ್ಬದ ಮುಂಚಿನ ತಪಸ್ಸು ಕಾಲ ಹತ್ತಿರ ಬಂತು, ಮಾಂಸ ಬಿಡಬೇಕು ಎಂದರೆ, “ಮೊದ್ಲು ಮಾಂಸ ಕೊಡೋಕೆ ಹೇಳು ನಿಮ್ಮ ಗುರುಗಳಿಗೆ, ಆಮೇಲೆ ಬಿಡೋಣ” ಎಂದಳು. ಬಾರ್ಲಿ ಗಂಜಿ ಕುಡಿಯುತ್ತಿದ್ದವರೆಲ್ಲ ನಕ್ಕರು. ಜಪಮನೆಯ ಹಿರಿಯನಾದ ನನ್ನ ಮುಂದೆ ಆಡುವ ಮಾತೇ ಅದು?

ಹೋದ ವರ್ಷದ ಅವಮಾನ ನಿನಗೂ ನೆನಪಿರಬೇಕು. ಮಿನ್ ಗುರುಗಳು ನಮ್ಮ ಬೆಟ್ಟಕ್ಕೆ ಬರುವುದೇ ತಪಸ್ಸು ಕಾಲದಲ್ಲಿ ಒಂದು ಸಲ, ಕ್ರಿಸ್ಮಸ್‌ಗೆ ಮುಂಚೆ ಒಂದು ಸಲ. ಪಾಪನಿವೇದನೆಗೆ ಮೊದಲು ಜ್ಞಾನೋಪದೇಶದ ಪ್ರಶ್ನೆ ಕೇಳಿದರೆ ಒಬ್ಬೊಬ್ಬರೂ ಬಾಯಿ ಬಾಯಿ ಬಿಟ್ಟರು. “ಗುಡ್ಡದಾಚೆ ಬಾಮ್‌ಗೋಲ್‌ನ ಮಕ್ಕಳೂ ಪಟಪಟ ಹೇಳ್ತಾರೆ. ನಿಮ್ಮ ಹಿರಿಯ ನಿಮಗೇನೂ ಕಲಿಸ್ಲಿಲ್ವಾ?” ಎಂದು ಎಲ್ಲರೆದುರು ನನ್ನನ್ನು ನೋಡಿದರು. ಪಾಸ್ಕ ಹಬ್ಬವಾದ ಮೇಲೆ, ಪಾಪನಿವೇದನೆಗೆ ಬಾರದವರ ಹೆಸರುಗಳನ್ನು ಪದ್ಧತಿಯಂತೆ ಜಪಮನೆಯಲ್ಲಿ ನಾನು ಓದಿದೆ. ಓದುವಾಗ ಅವರ ತಲೆ ತಗ್ಗಿದ್ದನ್ನು ಕಂಡು ನನಗೆ ಸ್ವಲ್ಪ ಹಿತವಾಗಿತ್ತು ಎಂದು ಈಗ ಹೇಳಿದರೆ ನೀನು ಬೈಯುತ್ತೀಯೆ.

ಈ ವರ್ಷ ಹೊಸ ವ್ಯವಸ್ಥೆ. ಪೇಟೆಯ ದೊಡ್ಡ ಚರ್ಚಿನಿಂದ ಮೊಹರು ಒತ್ತಿದ ಚೀಟಿಗಳು ತಲೆಗೊಂದರಂತೆ ಬಂದಿವೆ. ಒಂದೊಂದರ ಮೇಲೂ ನಾನೇ ಕುಂಚದಿಂದ ಹೆಸರು ಬರೆದಿದ್ದೇನೆ. ಗುರುಗಳು ಬರುವ ಮುಂಚೆಯೇ ನಾನು ಎಲ್ಲರನ್ನೂ ಪರೀಕ್ಷೆ ಮಾಡುತ್ತೇನೆ. ಉತ್ತರ ಹೇಳಿದವರಿಗೆ ಚೀಟಿ. ಗುರುಗಳಿಗೆ ಚೀಟಿ ಒಪ್ಪಿಸಿದವರಿಗೆ ಮಾತ್ರ ಪಾಪನಿವೇದನೆ. “ನಿನ್ನ ವಿವೇಕಕ್ಕೆ ಬಿಟ್ಟಿದ್ದೀನಿ, ತೋಮಾ” ಎಂದಿದ್ದಾರೆ ಗುರುಗಳು. ಈ ಸಲ ಜೊಮ್‌ಗೋಲ್ ಏನೆಂದು ಬಾಮ್‌ಗೋಲ್‌ನವರಿಗೆ ತಿಳಿಯಲಿ.

ಜಪಮನೆಯ ಹಿರಿಯ,
ನಿನ್ನ ಅಪ್ಪ ಪ್ಯೋ ತೋಮಾ


ತೇಗು, ಕನ್ಯಾಮಠ
೧೯೫೮ ಫೆಬ್ರವರಿ ೧೧

ಪ್ರೀತಿಯ ಅಪ್ಪನಿಗೆ,

ನಿಮ್ಮ ಕಾಗದವನ್ನು ಮೂಸಿ ನೋಡಿದೆ. ನಮ್ಮ ಅಂಗಳದ ವಾಸನೆ ಬಂತು. ಪಕ್ಕದ ಹಾಸಿಗೆಯ ಸಿಸ್ಟರ್ ನನಗೆ ತಲೆ ಕೆಟ್ಟಿದೆ ಎಂದುಕೊಂಡಿರಬೇಕು. ಇಲ್ಲಿ ಎಲ್ಲ ಚೆನ್ನಾಗಿದೆ. ಊಟದ ಕಿಮ್ಚಿ ಉಪ್ಪಿನಕಾಯಿ ಮಾತ್ರ ನೀರು ನೀರು. ಪೇಟೆಯ ಜಾಡಿಗಳು ನಮ್ಮ ಮಣ್ಣಿನ ಜಾಡಿಗಳ ಹಾಗೆ ಉಸಿರಾಡುವುದಿಲ್ಲ ಎಂದು ಮದರ್‌ಗೆ ಹೇಳಿ ಬೈಸಿಕೊಂಡೆ.

ತಪಸ್ಸು ಕಾಲ ಶುರುವಾಗುವ ಬೂದಿ ಬುಧವಾರದಿಂದ ಪಾಸ್ಕದವರೆಗೆ ಹೊಸಬರಿಗೆ ಹೊರಗಿನ ಕಾಗದ ಕೊಡುವುದಿಲ್ಲ. ನೀವು ಬರೆದದ್ದೆಲ್ಲ ಮದರ್ ಅವರ ಪೆಟ್ಟಿಗೆಯಲ್ಲಿರುತ್ತದೆ. ಹಬ್ಬದ ಮರುದಿನ ಒಟ್ಟಿಗೆ ಸಿಗುತ್ತದೆ. ಆದರೂ ಬರೆಯಿರಿ.

ಅದಕ್ಕೆ ಮುಂಚೆ ಒಂದು ಮಾತು. ನೂಸಿಯಾ ಅಜ್ಜಿಯನ್ನು ಪರೀಕ್ಷೆ ಮಾಡುವಾಗ ಅವರ ಕೈ ಕಟ್ಟಿಸಬೇಡಿ. ಮೂರು ಚಳಿಗಾಲ ಅವರಿಗೆ ಪಾಠ ಹೇಳಿಕೊಟ್ಟವಳು ನಾನು. ಅವರಿಗೆ ಓದು ಬರದು, ತಲೆಯಲ್ಲಿ ಏನೂ ನಿಲ್ಲದು, ಎಲ್ಲ ಬೆರಳಲ್ಲಿದೆ. ಹುರಿ ಹೊಸೆಯುತ್ತಾ ಕಲಿತದ್ದು. ಹೊಸೆಯಲು ಏನಾದರೂ ಕೊಟ್ಟು ಕೇಳಿ, ಒಂದೂ ತಪ್ಪುವುದಿಲ್ಲ. “ಕೈ ಕೆಸರಾದ್ರೆ ತಾನೇ ಬಾಯಿ ಮೊಸರು” ಎಂದು ಅವರೇ ನಗುತ್ತಿದ್ದರು. ಇದೊಂದು ನಡೆಸಿಕೊಡಿ ಅಪ್ಪಾ. ನಿಮ್ಮ ತಾಯಿ ತೀರಿಕೊಂಡಾಗ ನಿಮ್ಮ ಮೂಗು ಒರೆಸಿದ ಕೈ ಅದು.

ನಿಮ್ಮ ಮಗಳು,
ಕೊಲಂಬಾ


ಜೊಮ್‌ಗೋಲ್
೧೯೫೮ ಮಾರ್ಚ್ ೩

ಕೊಲಂಬಾ,

ನೀನು ಇದನ್ನು ಹಬ್ಬವಾದ ಮೇಲೆ ಓದುತ್ತೀಯೆ. ಹಾಗಾಗಿ ಬರೆಯುವುದು ಸುಲಭ ಎಂದುಕೊಂಡು ಕೂತೆ. ಸುಲಭವಿಲ್ಲ.

ನಿನ್ನೆ ಭಾನುವಾರ ಪರೀಕ್ಷೆ ನಡೆಯಿತು. ಜನ ಚೆನ್ನಾಗಿಯೇ ಹೇಳಿದರು. ಎತ್ತಿನ ಯಾಕೋಬ ಕೂಡ ನಡುಗುತ್ತಾ ಹೇಳಿ ಮುಗಿಸಿದ. ಚೀಟಿ ಕೈಗೆ ಬಂದಾಗ ಅವನ ಹೆಂಡತಿ ಅದನ್ನು ಕಣ್ಣಿಗೊತ್ತಿಕೊಂಡಳು. ಕೊನೆಗೆ ನೂಸಿಯಾ ಅಜ್ಜಿ ಬಂದಳು. ಹೊಸ ಬಿಳಿ ಲಂಗ ಉಟ್ಟು, ತಲೆ ಬಾಚಿ, ಮದುವಣಗಿತ್ತಿಯ ಹಾಗೆ.

“ಕೈ ಕಟ್ಟಿ ಕೂತ್ಕೊಳ್ಳಿ ಅಜ್ಜಿ” ಎಂದೆ.

“ಕೈ ಕಟ್ಟಿದ್ರೆ ಬಾಯೂ ಕಟ್ಟುತ್ತೆ ಕಣೋ ತೋಮಾ. ಒಂದ್ ಮುದ್ದೆ ಮಣ್ಣು ಕೊಡು, ಆಮೇಲ್ ನೋಡು.”

“ಇದು ಜಪಮನೆ. ಮಡಕೆ ಅಂಗಳ ಅಲ್ಲ.”

“ಆಯ್ತಪ್ಪಾ, ಹಿರಿಯ” ಎಂದು ಕೈ ಕಟ್ಟಿದಳು.

ನಿನ್ನ ಕಾಗದ ನನಗೆ ತಲುಪಿತ್ತು. ತಲುಪಿಲ್ಲ ಎಂದು ಸುಳ್ಳು ಬರೆಯಬಹುದಿತ್ತು, ಬರೆಯುವುದಿಲ್ಲ. ಓದಿದೆ, ಮಡಚಿದೆ, ಜಪದ ಪುಸ್ತಕದೊಳಗೆ ಇಟ್ಟೆ. ನಿನ್ನೆ ಮೊನ್ನೆ ಮಠ ಸೇರಿದ ಹುಡುಗಿ ಇಷ್ಟು ವರ್ಷದ ಹಿರಿಯನಿಗೆ ಪಾಠ ಹೇಳುತ್ತಾಳಲ್ಲ ಎಂದುಕೊಂಡೆ. ಬಾಮ್‌ಗೋಲ್‌ನವರು ಕೈ ಕಟ್ಟಿ ನಿಲ್ಲುತ್ತಾರೆ, ಗುರುಗಳು ಅದನ್ನೇ ಹೊಗಳಿದ್ದರು.

ಮೊದಲೆರಡು ಪ್ರಶ್ನೆಗೆ ತಡವರಿಸಿ ಹೇಳಿದಳು. ಮೂರನೆಯದು, ಆತ್ಮದ ಮೂರು ಶತ್ರುಗಳು ಯಾರು ಎಂದು ಕೇಳಿದೆ.

“ಒಂದು ಲೋಕ. ಎರಡು ಶರೀರ. ಮೂರನೇದು...” ಎಂದು ಸೂರು ನೋಡಿದಳು. ಮಡಿಲಲ್ಲಿ ಬೆರಳುಗಳು ಒಂದನ್ನೊಂದು ಹಿಸುಕುತ್ತಿದ್ದವು. “ನಾಲಿಗೆ ತುದೀಲೇ ಇದೆ, ಹಾಳಾದ್ದು. ಸಿಗ್ತಿಲ್ಲ. ಸದ್ಯಕ್ಕೆ ಪ್ಯೋ ತೋಮಾ ಅಂತ ಬರ್ಕೋ!”

ಜಪಮನೆ ಬಿದ್ದು ಬಿದ್ದು ನಕ್ಕಿತು. ಯಾಕೋಬ ಹೊಟ್ಟೆ ಹಿಡಿದುಕೊಂಡ. ನಿನ್ನ ಅಮ್ಮ ತೋಳಿನಲ್ಲಿ ಬಾಯಿ ಮುಚ್ಚಿಕೊಂಡಳು, ಆದರೆ ಭುಜ ಕುಣಿಯುತ್ತಿದ್ದದ್ದು ನನಗೆ ಕಂಡಿತು. ಅಜ್ಜಿ ತಾನೂ ನಗುತ್ತಾ, “ಕೋಪ ಬಂತಾ, ಸಿಂಬಳ ತೋಮಾ?” ಎಂದಳು.

ನಾನು ಅವಳ ಚೀಟಿಯನ್ನು ಎತ್ತಿಕೊಂಡು ಎರಡಾಗಿ ಹರಿದು ಅಗ್ಗಿಷ್ಟಿಕೆಗೆ ಹಾಕಿದೆ. “ಕ್ರಿಸ್ಮಸ್ ಮುಂಚಿನ ಪರೀಕ್ಷೆಗೆ ಓದಿಕೊಂಡು ಬನ್ನಿ” ಎಂದೆ. ನಗು ನಿಂತಿತು. ಅವಳು ಕಾಗದ ಉರಿಯುವುದನ್ನೇ ನೋಡುತ್ತಿದ್ದಳು.

“ಅದ್ರಲ್ಲಿ ನನ್ ಹೆಸ್ರು ಇತ್ತಾ?”

“ಇತ್ತು.”

“ಹೆಂಗ್ ಕಾಣುತ್ತೆ ಅಂತ ಒಂದ್ಸಲ ನೋಡ್ಬೇಕಿತ್ತು” ಎಂದಳು. ಜಗಳವಾಡಲಿಲ್ಲ. ಎದ್ದು, ಶಿಲುಬೆಗೆ ತಲೆಬಾಗಿ, ನನಗೂ ತಲೆಬಾಗಿ ಹೋದಳು.

ಮನೆಗೆ ಬಂದ ಮೇಲೆ ಅಮ್ಮ ಊಟಕ್ಕೆ ಬಡಿಸುತ್ತಾ ಒಂದೇ ಮಾತು ಹೇಳಿದಳು: “ದೇವ್ರು ವರ ಕೊಟ್ರೂ ಪೂಜಾರಿ ಕೊಡ ಅಂತಾರಲ್ಲ, ಇದೇ ನೋಡಿ.” ಆಮೇಲೆ ಬೈಯಲಿಲ್ಲ. ಬೈದಿದ್ದರೆ ಊಟ ಗಂಟಲಲ್ಲಿ ಇಳಿಯುತ್ತಿತ್ತು.

ನಿಯಮ ನಿಯಮವೇ ಅಲ್ಲವೇ, ಕೊಲಂಬಾ? ಒಬ್ಬರಿಗೆ ಬಿಟ್ಟರೆ ಎಲ್ಲರಿಗೂ ಬಿಡಬೇಕು.

ಅಪ್ಪ,
ಪ್ಯೋ ತೋಮಾ


ಜೊಮ್‌ಗೋಲ್
೧೯೫೮ ಮಾರ್ಚ್ ೧೩

ಕೊಲಂಬಾ,

ಗುರುಗಳು ಬಂದು ಹೋದರು. ಜೊಮ್‌ಗೋಲ್ ಗೆದ್ದಿತು. ಬೆಟ್ಟದ ಜಪಮನೆಗಳಲ್ಲೆಲ್ಲ ನಮ್ಮದಕ್ಕೇ ಮೊದಲ ಸ್ಥಾನ ಎಂದರು. ಬಾಮ್‌ಗೋಲ್‌ನ ಹೆಸರನ್ನೇ ಎತ್ತಲಿಲ್ಲ. ವರ್ಷವಿಡೀ ಕಾದಿದ್ದ ಮಾತು ಕಿವಿಗೆ ಬಿದ್ದಾಗ ತಲೆ ಎತ್ತಲು ಆಗಲಿಲ್ಲ.

ಏಕೆಂದರೆ ಅದೇ ಹೊತ್ತಿಗೆ ನಮ್ಮ ಅಡುಗೆಮನೆಯಲ್ಲಿ ನೂಸಿಯಾ ಅಜ್ಜಿಯ ಕೆಮ್ಮು ಕೇಳುತ್ತಿತ್ತು. ಗುರುಗಳ ಊಟಕ್ಕೆ ಒಲೆ ಊದಲು ಬೆಳಿಗ್ಗೆಯೇ ಬಂದಿದ್ದಳು, ಯಾವ ವರ್ಷವೂ ತಪ್ಪಿಸಿದವಳಲ್ಲ. ಜನ ಸಾಲಾಗಿ ಚೀಟಿ ಹಿಡಿದು ಪಕ್ಕದ ಜಪಮನೆಯೊಳಗೆ ಹೋಗಿ, ಹಗುರಾಗಿ ಹೊರಗೆ ಬರುತ್ತಿದ್ದರು. ಅವಳು ಬಾಗಿಲ ಸಂದಿಯಿಂದ ನೋಡುತ್ತಾ, “ನೋಡು ಮಾರ್ತಾ, ಯಾಕೋಬ ಎಷ್ಟ್ ಬೇಗ ಬಂದ! ಅವ್ನ ಪಾಪ ಎಲ್ಲಾ ಹೇಳಿದ್ರೆ ಸಂಜೆ ಆಗ್ಬೇಕಿತ್ತು” ಎಂದು ನಿನ್ನ ಅಮ್ಮನನ್ನು ನಗಿಸುತ್ತಿದ್ದಳು. ನನ್ನನ್ನು ಒಂದು ಮಾತೂ ಕೇಳಲಿಲ್ಲ.

ಗುರುಗಳು ಕೊನೆಗೆ, “ಎಲ್ಲಾರ್ದೂ ಆಯ್ತಾ, ತೋಮಾ?” ಎಂದರು.

ಒಂದು ಮಾತು ಸಾಕಿತ್ತು. ಅಡುಗೆಮನೆಯಲ್ಲಿ ಒಬ್ಬ ಅಜ್ಜಿ ಇದ್ದಾಳೆ ಎಂದರೆ ಸಾಕಿತ್ತು. ಆದರೆ ಹೊಗಳಿಕೆ ಇನ್ನೂ ಬಿಸಿಯಾಗಿತ್ತು. ಅದರ ಮೇಲೆ ನೀರು ಸುರಿಯಲು ಕೈ ಬರಲಿಲ್ಲ. “ಆಯ್ತು ಸ್ವಾಮಿ” ಎಂದೆ.

“ನಿಂದು?”

ಸುಳ್ಳು ಹೇಳಿದ ಬಾಯಲ್ಲೇ ಪಾಪನಿವೇದನೆ ಮಾಡಲು ಹೆದರಿದೆ. “ಮಡಕೆ ಸುಡೋ ಗೂಡಿಗೆ ಬೆಂಕಿ ಹಾಕಿದ್ದೀನಿ ಸ್ವಾಮಿ, ಬಿಟ್ಟು ಕೂರೋ ಹಾಗಿಲ್ಲ. ಪಾಸ್ಕಕ್ಕೆ ಮುಂಚೆ ನಾನೇ ಪೇಟೆಗೆ ಬರ್ತೀನಿ” ಎಂದೆ. ಗೂಡು ತಣ್ಣಗಿತ್ತು. ಹೀಗಾಗಿ ನನ್ನ ಚೀಟಿ ಜೇಬಿನಲ್ಲೇ ಉಳಿದಿದೆ. ಕೂತರೆ ಎದ್ದರೆ ಚುಚ್ಚುತ್ತದೆ.

ಕ್ರಿಸ್ಮಸ್‌ವರೆಗೆ ಏನು ಮಹಾ ದೂರ? ಅಜ್ಜಿ ಗಟ್ಟಿ ಜೀವ. ಆಗ ಮಣ್ಣಿನ ಮುದ್ದೆ ಕೊಟ್ಟೇ ಕೇಳುತ್ತೇನೆ. ನಿನಗೆ ಮಾತು ಕೊಟ್ಟಿದ್ದೇನೆ ಎಂದು ತಿಳಿದುಕೋ.

ಅಪ್ಪ


ಜೊಮ್‌ಗೋಲ್
೧೯೫೮ ಮಾರ್ಚ್ ೨೭

ಕೊಲಂಬಾ,

ನೂಸಿಯಾ ಅಜ್ಜಿ ತೀರಿಕೊಂಡಳು. ನಿನ್ನೆ ಮಣ್ಣು ಮಾಡಿದೆವು. ಈ ವಾಕ್ಯವನ್ನು ಕೊನೆಯಲ್ಲಿ ಬರೆಯಬೇಕೆಂದಿದ್ದೆ, ಆದರೆ ಇದಕ್ಕೆ ಮುಂಚೆ ಏನು ಬರೆದರೂ ನಾಟಕವಾಗುತ್ತಿತ್ತು.

ಕೆಮ್ಮು ಎದೆಗೆ ಇಳಿದಿತ್ತು. ಶನಿವಾರ ಅಂಗಳಕ್ಕೆ ಬರಲಿಲ್ಲ. ನೋಡಲು ಹೋದ ನಿನ್ನ ಅಮ್ಮ ಓಡುತ್ತಾ ಬಂದು, “ಗುರುಗಳನ್ನ ಕರ್ಕೊಂಡ್ ಬನ್ನಿ, ಹೋಗಿ” ಎಂದಳು. ಹೋದೆ. ಕಣಿವೆಯಲ್ಲಿ ಹಿಮ ಕರಗಿ ಕೆಸರು. ಎಷ್ಟು ಸಲ ಬಿದ್ದೆನೋ. ಪೇಟೆಗೆ ಮುಟ್ಟಿದರೆ ಗುರುಗಳು ಇರಲಿಲ್ಲ. ತಪಸ್ಸು ಕಾಲದ ಸುತ್ತಾಟಕ್ಕೆ ನದಿಯಾಚೆಯ ಜಪಮನೆಗಳಿಗೆ ಹೋಗಿದ್ದರು. ಪಾಸ್ಕಕ್ಕೆ ಒಂದು ವಾರ ಮುಂಚಿನ ಗರಿಗಳ ಭಾನುವಾರದ ಹಿಂದಿನ ದಿನವಷ್ಟೇ ಬರುವುದು ಎಂದ ಅಡುಗೆಯವನು. ನಾನು ನಮ್ಮೂರಿನಲ್ಲಿ ಅವರನ್ನು ಕೈಗೆಟುಕುವಷ್ಟು ಹತ್ತಿರ ಇಟ್ಟುಕೊಂಡು, ಎಲ್ಲ ಆಯಿತು ಎಂದು ಕಳಿಸಿದ್ದೆ.

ಒಬ್ಬನೇ ಮರಳಿದೆ. ಅಜ್ಜಿಗೆ ಇನ್ನೂ ಪ್ರಜ್ಞೆ ಇತ್ತು. ಬಾಗಿಲಲ್ಲಿ ನನ್ನ ಹಿಂದೆ ಯಾರೂ ಇಲ್ಲದ್ದನ್ನು ನೋಡಿದಳು.

“ಸಿಗ್ಲಿಲ್ವಾ?”

“ಇಲ್ಲ ಅಜ್ಜಿ.”

“ಹೋಗ್ಲಿ ಬಿಡು. ನಮ್ಮಜ್ಜಿ ಕಾಲದಲ್ಲಿ ಗುರುಗಳ ಮುಖ ನೋಡ್ದೇನೇ ಎಷ್ಟ್ ಜನ ಹೋದ್ರು. ಕಾಲು ಒರ್ಸ್ಕೊ, ಚಾಪೆ ಎಲ್ಲಾ ಕೆಸರು ಮಾಡ್ತೀಯ.”

ಗುರುಗಳಿಲ್ಲದಾಗ ಸಾಯುವವರ ಪಕ್ಕದಲ್ಲಿ ಕೂತು ಪಶ್ಚಾತ್ತಾಪದ ಜಪ ಹೇಳಿಸುವುದು ಹಿರಿಯನ ಕೆಲಸ. ಪುಸ್ತಕ ತೆರೆದೆ. ನಿನ್ನ ಕಾಗದ ಜಾರಿ ಬಿತ್ತು. ಅದನ್ನು ಎತ್ತಿಕೊಂಡ ಮೇಲೆ ಜಪದ ಅಕ್ಷರಗಳು ಕಾಣಲಿಲ್ಲ. ಕೊನೆಗೆ ನಿನ್ನ ಅಮ್ಮ ಶುರು ಮಾಡಿದಳು, ಅಜ್ಜಿ ಜೊತೆಗೆ ಹೇಳಿದಳು, ನಾನು ಅವರ ಹಿಂದೆ ತೊದಲಿದೆ.

ಜಪ ಮುಗಿದ ಮೇಲೆ ಅಜ್ಜಿ, “ಈಗ ಕೇಳು” ಎಂದಳು.

“ಏನು ಕೇಳ್ಲಿ?”

“ಪ್ರಶ್ನೆ ಕಣೋ. ನಾಪಾಸಾಗಿ ಹೋಗೋಕ್ ನಂಗಿಷ್ಟ ಇಲ್ಲ.”

“ಬೇಡ ಅಜ್ಜಿ.”

“ಕೇಳು ಅಂದ್ನಲ್ಲ!”

ಅವಳ ಕೈ ಹೊದಿಕೆಯ ಅಂಚನ್ನು ಹಿಡಿದು ಹುರಿಯ ಹಾಗೆ ಹೊಸೆಯಲು ಶುರು ಮಾಡಿತ್ತು. ಕೇಳಿದೆ. ಮನುಷ್ಯ ಯಾಕೆ ಹುಟ್ಟಿದ ಎಂಬಲ್ಲಿಂದ ಹಿಡಿದು ಒಂದೊಂದಾಗಿ ಕೇಳಿದೆ. ಉಸಿರಿಗೆ ಕಷ್ಟಪಡುತ್ತಾ, ಹೊಸೆಯುತ್ತಾ, ಒಂದೂ ತಪ್ಪದೆ ಹೇಳಿದಳು. ನೀನು ಬರೆದಿದ್ದೆಯಲ್ಲ, ಹಾಗೆಯೇ. ಆ ಶತ್ರುಗಳ ಪ್ರಶ್ನೆಯನ್ನು ನಾನು ಹಾರಿಸಿದೆ.

“ಒಂದು ಬಿಟ್ಟೆ” ಎಂದಳು. ತಾನೇ ಹೇಳಿದಳು: “ಲೋಕ, ಶರೀರ, ಪಿಶಾಚಿ. ಅವತ್ತು ಮನೆಗ್ ಹೋಗಿ ಬೆಳ್ಳುಳ್ಳಿ ಜಡೆ ಹೆಣೀತಾ ಇದ್ದಂಗೇ ನೆನಪಾಯ್ತು ನೋಡು. ಪಿಶಾಚಿ. ಸರೀನಾ?”

“ಮೊದಲು ಹೇಳಿದ್ದೇ ಸರಿ ಅಜ್ಜಿ” ಎಂದೆ.

ಅವಳಿಗೆ ನಗು ಬಂತು, ನಗು ಕೆಮ್ಮಾಯಿತು. “ಹಂಗಾದ್ರೆ ಪಾಸು. ಎಲ್ಲಿ, ಚೀಟಿ ಕೊಡು.”

ಅವಳ ಚೀಟಿಯನ್ನು ನಾನು ಸುಟ್ಟಿದ್ದೆ. ಇದ್ದದ್ದು ಜೇಬಿನಲ್ಲಿದ್ದ ನನ್ನದೊಂದೇ. ಯಾಕೋಬನ ಮನೆಯಿಂದ ಕುಂಚ ತರಿಸಿ ನನ್ನ ಹೆಸರನ್ನು ಹೊಡೆದು ಹಾಕಿದೆ. ಪಕ್ಕದಲ್ಲಿ ಅವಳ ಹೆಸರನ್ನು ದೊಡ್ಡದಾಗಿ ಬರೆದು, ಕಣ್ಣ ಮುಂದೆ ಹಿಡಿದೆ. ಒಂದೊಂದೇ ಅಕ್ಷರದ ಮೇಲೆ ಬೆರಳಿಟ್ಟು ಓದಿ ಹೇಳಿದೆ. ಬಹಳ ಹೊತ್ತು ನೋಡಿದಳು.

“ಇಷ್ಟೇನಾ?” ಎಂದಳು. ಆಮೇಲೆ, “ಚೆನ್ನಾಗಿದೆ” ಎಂದಳು. ಸೋಮವಾರ ಮಧ್ಯಾಹ್ನ ಹೋದಳು. ಚೀಟಿಯನ್ನು ಕೈಯಲ್ಲೇ ಬಿಟ್ಟು ಬಟ್ಟೆ ಸುತ್ತಿದೆವು.

ಊರಿನವರು ನನ್ನನ್ನು ಹೊಗಳುತ್ತಿದ್ದಾರೆ, ಕೊಲಂಬಾ. ಅಷ್ಟು ದೂರ ಕೆಸರಿನಲ್ಲಿ ಓಡಿದ ಹಿರಿಯ ಎನ್ನುತ್ತಾರೆ. ಅದನ್ನು ಕೇಳಿಕೊಂಡು ಸುಮ್ಮನಿದ್ದೇನೆ.

ಅಪ್ಪ


ಜೊಮ್‌ಗೋಲ್
೧೯೫೮ ಏಪ್ರಿಲ್ ೬, ಪಾಸ್ಕ ಹಬ್ಬ

ಕೊಲಂಬಾ,

ಎಲ್ಲರೂ ಪೇಟೆಯ ಚರ್ಚಿಗೆ ಹೋಗಿ ಬಂದೆವು. ಅಮ್ಮ ಮೊಟ್ಟೆಗಳಿಗೆ ಬಣ್ಣ ಹಾಕಿದ್ದಳು. ಪರಮಪ್ರಸಾದದ ಹೊತ್ತಿಗೆ ಜೊಮ್‌ಗೋಲ್‌ನವರೆಲ್ಲ ಎದ್ದರು. ನಾನು ಹಿಂದಿನ ಕಂಬದ ಬಳಿ ಕೂತೇ ಇದ್ದೆ. ಯಾಕೋಬ ತಿರುಗಿ ನೋಡಿ, ಹಿರಿಯರಿಗೆ ಕಾಲು ನೋವಿರಬೇಕು ಎಂದ.

ಪಾಪನಿವೇದನೆಗೆ ನಾನು ಹೋಗಿಲ್ಲ. ಚೀಟಿ ಇಲ್ಲ. ಇದ್ದಿದ್ದರೂ ಹೋಗುತ್ತಿರಲಿಲ್ಲ. ಬಾಗಿಲು ಮುಚ್ಚಿದವನು ಹೊರಗೇ ನಿಲ್ಲಬೇಕು. ಇದೇ ನನಗೆ ತಕ್ಕ ಶಿಕ್ಷೆ ಎಂದು ತೀರ್ಮಾನಿಸಿದ್ದೇನೆ. ವರ್ಷಗಟ್ಟಲೆ ಹೀಗೇ ಇದ್ದರೆ ಜನ ನನ್ನನ್ನು ನಂಬಿಕೆ ತಣ್ಣಗಾದವನು ಎನ್ನುತ್ತಾರೆ, ಅನ್ನಲಿ. ಹಿರಿಯನ ಕೆಲಸಕ್ಕೆ ಬೇರೆ ಯಾರನ್ನಾದರೂ ನೋಡಿಕೊಳ್ಳಿ ಎಂದು ಗುರುಗಳಿಗೆ ಬರೆಯುತ್ತೇನೆ. ಇನ್ನೂ ಬರೆದಿಲ್ಲ.

ನೀನು ನಾಳೆ ಎಲ್ಲವನ್ನೂ ಒಟ್ಟಿಗೆ ಓದುತ್ತೀಯೆ. ನಿನಗೆ ಏನನ್ನಿಸುತ್ತದೋ ಬರೆ. ಬರೆಯದಿದ್ದರೂ ಸರಿ.

ತೋಮಾ


ತೇಗು, ಕನ್ಯಾಮಠ
೧೯೫೮ ಏಪ್ರಿಲ್ ೧೦

ಅಪ್ಪನಿಗೆ,

ಕಾಗದಗಳನ್ನು ಕೊಟ್ಟಾಗ ಹಬ್ಬದ ಸಿಹಿ ರೊಟ್ಟಿ ಕೈಯಲ್ಲಿತ್ತು. ತಾರೀಖು ನೋಡಿ ಸಾಲಾಗಿ ಓದಿದೆ. “ಪ್ಯೋ ತೋಮಾ ಅಂತ ಬರ್ಕೋ” ಎಂಬಲ್ಲಿ ಜೋರಾಗಿ ನಕ್ಕುಬಿಟ್ಟೆ, ಊಟದ ಮನೆಯಲ್ಲಿ ಎಲ್ಲರೂ ತಿರುಗಿ ನೋಡಿದರು. ನಾಲ್ಕು ಸಾಲಿನ ಕೆಳಗೆ ಅಗ್ಗಿಷ್ಟಿಕೆ ಬಂತು. ರೊಟ್ಟಿ ಮೇಜಿನ ಮೇಲೇ ಉಳಿಯಿತು.

ನಿಮ್ಮ ಮೇಲೆ ನನಗೆ ಸಿಟ್ಟು ಬಂದಿದೆ. ಸಿಟ್ಟಿನಲ್ಲಿ ಬರೆಯಬಾರದೆಂದು ಮೂರು ದಿನ ಕಾದೆ. ಹೋಗಿಲ್ಲ, ಹಾಗಾಗಿ ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ. ನನ್ನ ಮೇಲೂ ಬಂದಿದೆ. ನಾನು ಮಠಕ್ಕೆ ಹೊರಟ ದಿನ ಅವರು ಒಂದು ಹಿಡಿ ಹುರಿದ ಚೆಸ್ಟ್‌ನಟ್ ನನ್ನ ಗಂಟಿಗೆ ತುರುಕಿ, “ನೀನ್ ಹೋದ್ರೆ ನನ್ ಬೆರಳಲ್ಲಿರೋ ಪಾಠ ಬಾಯಿಗ್ ತರ್ಸೋರು ಯಾರು?” ಎಂದರು. ತಮಾಷೆ ಎಂದುಕೊಂಡೆ. ಅವರಿಗೆ ಅದೇ ಭಯವಿತ್ತು ಎಂದು ಈಗ ಗೊತ್ತಾಗುತ್ತಿದೆ.

ನೀವು ನನ್ನಿಂದ ಬೈಗುಳ ಕಾಯುತ್ತಿದ್ದೀರಿ. ಬೈಯುವುದಿಲ್ಲ. ಬೈದರೆ ನಿಮಗೆ ಹಗುರವಾಗುತ್ತದೆ. ಕ್ಷಮಿಸಿದ್ದೇನೆ ಎಂದೂ ಬರೆಯಲಾರೆ, ಅದು ನನ್ನ ಕೈಯಲ್ಲಿಲ್ಲ.

ಒಂದು ಮಾತ್ರ ಕೇಳುತ್ತೇನೆ. ಪಾಪನಿವೇದನೆಗೆ ಹೋಗುವುದಿಲ್ಲ ಎಂದು ನಿಮಗೆ ನೀವೇ ಶಿಕ್ಷೆ ಕೊಟ್ಟುಕೊಂಡಿರಲ್ಲ, ಆ ಅಧಿಕಾರ ಯಾರು ಕೊಟ್ಟರು? ಮೊದಲು ಅಜ್ಜಿ ಒಳಗೆ ಹೋಗಲು ತಕ್ಕವಳಲ್ಲ ಎಂದಿರಿ. ಈಗ ನೀವು ತಕ್ಕವರಲ್ಲ ಎನ್ನುತ್ತೀರಿ. ಎರಡು ಸಲವೂ ಬಾಗಿಲಲ್ಲಿ ಕೂತು ತೀರ್ಪು ಹೇಳಿದವರು ನೀವೇ. ಅಜ್ಜಿಯ ಚೀಟಿಯನ್ನು ಹರಿದ ಕೈಯೇ ನಿಮ್ಮ ಚೀಟಿಯನ್ನೂ ಹರಿಯುತ್ತಿದೆ, ಅಪ್ಪಾ. ಅದನ್ನು ಪಶ್ಚಾತ್ತಾಪ ಎಂದು ಕರೆದುಕೊಂಡು ಕಂಬದ ಬಳಿ ಕೂರಬೇಡಿ.

ಬಾಗಿಲು ಬಿಟ್ಟು ಏಳಿ. ಹೋಗಿ ಸಾಲಿನಲ್ಲಿ ನಿಲ್ಲಿ.

ಕೊಲಂಬಾ


ಜೊಮ್‌ಗೋಲ್
೧೯೫೮ ಏಪ್ರಿಲ್ ೨೧

ಕೊಲಂಬಾ,

ನಿನ್ನ ಕಾಗದವನ್ನು ಓದಿ ಎರಡು ದಿನ ನಿನ್ನ ಮೇಲೆ ಉರಿದೆ. ಮೂರನೆಯ ದಿನ ಪೇಟೆಗೆ ಇಳಿದೆ.

ಮಿನ್ ಗುರುಗಳು ಚರ್ಚಿನ ಹಿಂದೆ ಆಲೂಗಡ್ಡೆ ನೆಡುತ್ತಿದ್ದರು. ನನ್ನನ್ನು ಕಂಡು, “ಬಾ ತೋಮಾ, ನಿಂದೊಂದೇ ಬಾಕಿ ಇತ್ತು. ಚೀಟಿ ಎಲ್ಲಿ?” ಎಂದರು.

“ಇಲ್ಲ ಸ್ವಾಮಿ. ನಾಪಾಸಾದೆ.”

ನಕ್ಕರು. ನಾನು ನಗದೇ ಇದ್ದದ್ದನ್ನು ನೋಡಿ ಕೈ ತೊಳೆದುಕೊಂಡು ಒಳಗೆ ಬಂದು ಕೂತರು. ಮಂಡಿಯೂರಿ ಎಲ್ಲ ಹೇಳಿದೆ. ಹೋದ ವರ್ಷದ ಅವಮಾನದಿಂದ ಶುರು ಮಾಡಿದರೆ, “ಅದು ಬೇಡ, ನಿಂದ್ ಹೇಳು” ಎಂದರು. ನನ್ನದು ಹೇಳಿದೆ. ಅಡುಗೆಮನೆಯ ಕೆಮ್ಮು, ತಣ್ಣಗಿದ್ದ ಗೂಡು, ಎಲ್ಲ.

ಉಗುರಿನ ಸಂದಿಯಲ್ಲಿ ಉಳಿದಿದ್ದ ಮಣ್ಣನ್ನು ತಿಕ್ಕಿಕೊಂಡರು. ಆಮೇಲೆ, “ನಿಮ್ಮ ಹಿರಿಯ ಏನೂ ಕಲಿಸ್ಲಿಲ್ವಾ ಅಂತ ಎಲ್ಲಾರ ಮುಂದೆ ಅಂದೋನು ನಾನೇ ಅಲ್ವಾ?” ಎಂದರು. ಅವರ ದನಿ ಸಣ್ಣದಾಗಿತ್ತು. “ನನ್ನ ಪಾಲು ನಾನು ಬೇರೆ ಗುರುಗಳ ಹತ್ರ ಹೇಳ್ಕೋತೀನಿ. ನಿನ್ನ ಪಾಲಿಗೆ ಕ್ಷಮೆ ತಗೋ” ಎಂದು ಕೈ ಎತ್ತಿದರು. ಎದ್ದೆ. ಹಗುರವಾಯಿತೇ ಎಂದು ಕೇಳಬೇಡ. ಅಜ್ಜಿ ಇಲ್ಲ. ಆದರೆ ಕಂಬ ಬಿಟ್ಟು ಮುಂದೆ ಹೋಗಿ ಪ್ರಸಾದ ತೆಗೆದುಕೊಂಡೆ.

ಹೊರಡುವಾಗ ಹಿರಿಯನ ಕೆಲಸ ಬಿಡುತ್ತೇನೆ ಎಂದೆ. “ಬಿಡೋದು ಸುಲಭ. ಮುಂದಿನ ಸಲಾನೂ ಪ್ರಶ್ನೆ ನೀನೇ ಕೇಳು, ಮಡಕೆ ಅಂಗಳದಲ್ಲಿ ಕೂತ್ಕೊಂಡ್ ಕೇಳು” ಎಂದರು. ಹಾಗಾದರೆ ಈ ವರ್ಷ ಚೀಟಿ ಒಪ್ಪಿಸದವರ ಹೆಸರು ಓದುವುದನ್ನು ಏನು ಮಾಡಲಿ ಎಂದು ಕೇಳಿದೆ. “ನೀನೀಗ ಬಂದಾಯ್ತಲ್ಲ, ಓದ್ಲೇಬೇಕು ಅಂತಿಲ್ಲ. ಬೇರೆಯವ್ರಾಗಿದ್ರೆ ಏನ್ ಮಾಡ್ತಿದ್ದೆ?” ಎಂದರು. ನನಗೆ ಉತ್ತರ ಗೊತ್ತಿತ್ತು.

ನಿನ್ನೆ ಭಾನುವಾರ ಜಪ ಮುಗಿದ ಮೇಲೆ ಎದ್ದು ನಿಂತೆ. ಎಲ್ಲರೂ ನೂಸಿಯಾ ಅಜ್ಜಿಯ ಹೆಸರು ಬರುತ್ತದೆಂದು ನೆಲ ನೋಡುತ್ತಿದ್ದರು. ಅವಳ ಜಾಗದಲ್ಲಿ ಯಾರೂ ಕೂರುತ್ತಿಲ್ಲ.

“ನೂಸಿಯಾ ಅಜ್ಜಿ ಪಾಸಾದಳು. ಚೀಟಿ ಅವಳ ಹತ್ತಿರವೇ ಇದೆ” ಎಂದೆ. “ಈ ವರ್ಷ ಚೀಟಿ ಒಪ್ಪಿಸದೆ ಉಳಿದವರು ಒಬ್ಬರೇ. ಪ್ಯೋ ತೋಮಾ.” ಆಮೇಲೆ ಗುರುಗಳಿಗೆ ಎಲ್ಲ ಆಯಿತು ಎಂದು ಸುಳ್ಳು ಹೇಳಿದ್ದನ್ನೂ ಹೇಳಿದೆ. ಯಾಕೋಬನ ಬಾಯಿ ತೆರೆದೇ ಇತ್ತು. ಹೊರಗೆ ಹೋಗೋಣವೆಂದು ಬಾಗಿಲ ಕಡೆ ತಿರುಗಿದೆ.

ಆಗ ಹೆಂಗಸರ ಸಾಲಿನಿಂದ ನಿನ್ನ ಅಮ್ಮ, “ಅಂತೂ ಮೂರನೇ ಶತ್ರು ಸಿಕ್ಬಿದ್ದ!” ಎಂದಳು.

ಮೊದಲು ಯಾಕೋಬನ ಹೆಂಡತಿ ಮೂಗಿನಲ್ಲಿ ನಕ್ಕಳು. ಆಮೇಲೆ ಯಾರೂ ತಡೆಯಲಿಲ್ಲ. ಅವತ್ತಿನ ಹಾಗೆಯೇ ಬಿದ್ದು ಬಿದ್ದು ನಕ್ಕರು. ಈ ಸಲ ನಾನೂ ನಕ್ಕೆ. ನಗುತ್ತಾ ನಗುತ್ತಾ ಅಳು ಬಂತು. ಅಷ್ಟು ಜನರೆದುರು ಮೂಗು ಸೋರಿಸುತ್ತಾ ನಿಂತೆ. ಒರೆಸಲು ಒಂದು ಬಟ್ಟೆಯೂ ಇರಲಿಲ್ಲ. ಒರೆಸುವವಳೂ ಇರಲಿಲ್ಲ.

ನಿನ್ನ ಅಪ್ಪ,
ಸಿಂಬಳ ತೋಮಾ